ಹುಳು ಮನೆಯ ಬಾಗಿಲಲ್ಲಿ ಕೇಳದೇ ಬಿಟ್ಟ ಪ್ರಶ್ನೆಯ ಕುರಿತು

ಇದನ್ನು ಓದುವ ಹಿರಿಯರಿಗೂ ಕಿರಿಯರಿಗೂ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಾನು ಈವರೆಗೆ ನನ್ನ ಬಗ್ಗೆ ಒಂದು ಸಾಲನ್ನೂ ಬರೆದವನಲ್ಲ. ತಾಯಲೂರಿನ ಬಳಿಯ ನಮ್ಮ ಊರಿನ ಹಾಲಿನ ಸಂಘದಲ್ಲಿ ಹಲವು ವರ್ಷ ಕಾರ್ಯದರ್ಶಿಯಾಗಿದ್ದವನು. ಪಹಣಿ ತಿದ್ದುಪಡಿಗೆ, ಟ್ರಾನ್ಸ್‌ಫಾರ್ಮರ್ ಸುಟ್ಟುಹೋದದ್ದಕ್ಕೆ, ಬಸ್ಸು ನಿಲ್ಲಿಸದೇ ಹೋದದ್ದಕ್ಕೆ ಊರವರ ಪರವಾಗಿ ಅರ್ಜಿ ಬರೆದುಕೊಟ್ಟಿದ್ದೇನೆ. ನನಗೆ ಬರುವುದು ಆ ಭಾಷೆ ಒಂದೇ. ಆದಕಾರಣ ಇದನ್ನೂ ಅದೇ ಭಾಷೆಯಲ್ಲಿ ಬರೆಯುತ್ತಿದ್ದೇನೆ, ತಪ್ಪಿದ್ದಲ್ಲಿ ಮನ್ನಿಸಬೇಕು. ನನ್ನನ್ನು ಒಳ್ಳೆಯವನೆಂದು ಭಾವಿಸಬೇಕೆಂಬ ಕೋರಿಕೆ ಮಾತ್ರ ಇದರಲ್ಲಿ ಇರುವುದಿಲ್ಲ.

ವಿಷಯವು ನನಗೂ ನನ್ನ ದೊಡ್ಡಪ್ಪನ ಮಗನಿಗೂ ಸಂಬಂಧಿಸಿದ್ದು. ಆತ ನನಗಿಂತ ಎಂಟು ವರ್ಷ ಹಿರಿಯ. ನಾನು ಕರೆಯುವುದು ಅಣ್ಣ ಎಂದೇ. ಭಾಗವಾದಾಗ ಒಂದೇ ಹೊಲ ಎರಡಾಗಿ ನಡುವೆ ಬದು ಬಂದಿತು. ಬದುವಿನ ಈಚೆಗೆ ನನ್ನ ಹಿಪ್ಪುನೇರಳೆ, ಆಚೆಗೆ ಅವನ ಟೊಮೆಟೊ. ಈ ಎರಡು ಬೆಳೆ ಅಕ್ಕಪಕ್ಕ ಇದ್ದರೆ ಏನಾಗುವುದೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಹೊರಗಿನವರ ಅವಗಾಹನೆಗಾಗಿ ಹೇಳುತ್ತೇನೆ. ಟೊಮೆಟೊಗೆ ಹೊಡೆದ ಔಷಧಿ ಗಾಳಿಯಲ್ಲಿ ಬಂದು ಹಿಪ್ಪುನೇರಳೆ ಸೊಪ್ಪಿನ ಮೇಲೆ ಕುಳಿತರೆ, ಆ ಸೊಪ್ಪು ತಿಂದ ರೇಷ್ಮೆ ಹುಳು ಸಾಯುತ್ತದೆ. ಆದ್ದರಿಂದ ಔಷಧಿ ಹೊಡೆಯುವವನು ಹಿಂದಿನ ದಿನವೇ ಪಕ್ಕದ ಹೊಲದವನಿಗೆ ಹೋಗಿ ತಿಳಿಸತಕ್ಕದ್ದು. ತಿಳಿದವನು ಬದುವಿನ ಪಕ್ಕದ ಸಾಲುಗಳನ್ನು ಕೊಯ್ಯದೇ ಬಿಡತಕ್ಕದ್ದು. ಇದನ್ನು ಯಾರೂ ಕಾಗದದಲ್ಲಿ ಬರೆದಿಲ್ಲ. ಆದರೂ ಒಬ್ಬರಿಗೊಬ್ಬರು ಮಾತು ಬಿಟ್ಟವರು ಸಹ ಇದೊಂದನ್ನು ಬಿಡುವುದಿಲ್ಲ.

ಆ ಸಲ ನನ್ನ ಹುಳು ನಾಲ್ಕನೇ ಜ್ವರದಿಂದ ಎದ್ದಿದ್ದವು. ಜ್ವರವೆಂದರೆ ಕಾಯಿಲೆಯಲ್ಲ, ಹುಳು ಮೇವು ಬಿಟ್ಟು ಪೊರೆ ಕಳಚುವುದಕ್ಕೆ ನಾವು ಹಾಗೆನ್ನುತ್ತೇವೆ. ನಾಲ್ಕನೆಯದು ಮುಗಿದ ಮೇಲೆ ಅವು ಒಂದು ವಾರ ಬಿಡದೇ ತಿಂದು, ಆಮೇಲೆ ಗೂಡು ಕಟ್ಟುತ್ತವೆ. ಹಿಂದಿನ ಬೆಳೆ ರೋಗ ತಗುಲಿ ಪೂರ್ತಿ ಹೋಗಿತ್ತು. ಇದೂ ಹೋದರೆ ತೋಟ ಕಿತ್ತು ಹುಳು ಸಾಕುವುದನ್ನೇ ಬಿಡುವುದೆಂದು ನಾನೂ ನನ್ನ ಹೆಂಡತಿಯೂ ತೀರ್ಮಾನಿಸಿದ್ದೆವು. ಹೀಗಾಗಿ ಬಾಗಿಲಿಗೆ ಸುಣ್ಣ, ಬ್ಲೀಚಿಂಗ್ ಪುಡಿ ಚೆಲ್ಲಿ, ಹೊರಗಿನವರನ್ನು ಹತ್ತಿರ ಸೇರಿಸದೇ ಕಾಯುತ್ತಿದ್ದೆವು.

ಮೂರನೆಯ ದಿನ ಸಂಜೆ ಅಣ್ಣ ಬಂದ. ಕೈಯಲ್ಲಿ ಬೀಡಿ ಉರಿಯುತ್ತಿತ್ತು. ನಾನು ಒಳಗಿನಿಂದಲೇ ಕೂಗಿದೆ.

“ಅಲ್ಲೇ ನಿಲ್ಲು! ಬಾಗ್ಲು ದಾಟ್ಬೇಡ!”

“ಯಾಕ್ಲಾ, ಇದೇನು ತಾಲ್ಲೂಕಾಫೀಸಾ?”

“ಹುಳ ಎದ್ದವೆ. ಬೀಡಿ ಬೇರೆ ಸೇದ್ತಾ ಇದ್ದೀಯ, ಹೊಗೆ ಹುಳಕ್ಕಾಗಲ್ಲ. ಏನಿದ್ರೂ ಆಮೇಲೆ ಮಾತಾಡೋಣ, ಹೋಗು.”

ಅವನು ಬಾಗಿಲ ಬಳಿ ಬಿಟ್ಟಿದ್ದ ಚಪ್ಪಲಿ ನೋಡಿದ. ಅವು ನನ್ನ ಬಾಮೈದನವು. ಸೊಪ್ಪು ಕೊಯ್ಯಲು ನೆರವಾಗಲೆಂದು ಮಾಲೂರಿನಿಂದ ಬಂದಿದ್ದ.

“ಮಾಲೂರೋರ ಕಾಲಿಗೆ ಬಾಗ್ಲು ಐತೆ. ನನ್ನ ಕಾಲಿಗಿಲ್ಲ.”

“ಅವ್ನು ಸ್ನಾನ ಮಾಡಿ ಒಳಗ್ ಬಂದವ್ನೆ.”

“ನಾನು ಚರಂಡೀಲಿ ಎದ್ದು ಬಂದವ್ನಾ? ಪೋರಾ ಪೋ!”

ಕೋಪ ಬಂದರೆ ಅವನ ಕನ್ನಡ ತೆಲುಗಿಗೆ ತಿರುಗುತ್ತದೆ. ಬೀಡಿ ಎಸೆದು ಹೋದ. ಹೋದದ್ದಕ್ಕೆ ನನಗೆ ಸಮಾಧಾನವಾಯಿತು.

ಮರುದಿನ ಬೆಳಕು ಹರಿಯುವ ಮೊದಲೇ ಅವನು ಟೊಮೆಟೊಗೆ ಔಷಧಿ ಹೊಡೆದು ಮುಗಿಸಿದ್ದ. ನಾನು ಹುಳು ಮನೆಯೊಳಗಿದ್ದೆ, ತಿಳಿಯಲಿಲ್ಲ. ಬಾಮೈದ ಬದುವಿನ ಪಕ್ಕದ ಸಾಲುಗಳಿಂದಲೇ ಸೊಪ್ಪು ಕೊಯ್ದು ತಂದ. ಹುಳು ಹರಡಿದ್ದ ಆರು ಬಿದಿರಿನ ತಟ್ಟುಗಳ ಪೈಕಿ ಎರಡಕ್ಕೆ ಹಾಕಿದೆವು. ಮಧ್ಯಾಹ್ನದ ಹೊತ್ತಿಗೆ ಆ ಎರಡು ತಟ್ಟುಗಳ ಹುಳು ತಲೆ ಎತ್ತಿ ಅತ್ತಿತ್ತ ಆಡಿಸುತ್ತಾ ಹಸಿರು ರಸ ಕಕ್ಕತೊಡಗಿದವು. ಹುಳು ಸೊಪ್ಪು ತಿನ್ನುವ ಸದ್ದು ಮಳೆ ಬಿದ್ದಂತಿರುತ್ತದೆ. ಆ ಮೂಲೆಯಲ್ಲಿ ಸದ್ದು ನಿಂತಿತು. ನನ್ನ ಹೆಂಡತಿ ಒಂದನ್ನು ಅಂಗೈ ಮೇಲಿಟ್ಟು ನೋಡಿದಳು.

ನಾನು ಹೊಲಕ್ಕೆ ಓಡಿದೆ. ಬದುವಿನ ಮೇಲೆ ನಿಂತು ಕೂಗಾಡಿದೆ. ಅಣ್ಣ ಟೊಮೆಟೊ ಕಡ್ಡಿಗೆ ದಾರ ಕಟ್ಟುವುದನ್ನು ನಿಲ್ಲಿಸಲಿಲ್ಲ.

“ಹುಳ ಸಾಯಿಸ್ಬಿಟ್ಟೆಯಲ್ಲೋ! ಹೇಳದೆ ಕೇಳದೆ ಹೊಡೆದ್ಯಾ?”

“ಹೇಳದೆ ಕೇಳದೆ! ನೋಡ್ರಪ್ಪಾ ಮಾತು.”

“ಪೊಲೀಸ್ ಕಂಪ್ಲೇಂಟ್ ಕೊಡ್ತೀನಿ!”

“ಕೊಡು. ನಿನ್ಗೆ ಬರೋದು ಅದೊಂದೇ ತಾನೆ? ಹಾಳೆ ಸಾಲ್ದಿದ್ರೆ ಹೇಳು, ನಾನೇ ತರ್ಸಿಕೊಡ್ತೀನಿ.”

ಮನೆಗೆ ಬಂದು ಕಾಗದ ತೆಗೆದು ಕುಳಿತೆ. ಅಕ್ಷರ ನೆಟ್ಟಗೆ ಬಂದವು. ವಿಷಯ, ಸರ್ವೆ ನಂಬರು, ಎದುರುದಾರರ ವಿವರ ಎಲ್ಲವನ್ನೂ ಬರೆದೆ. ನಂತರ ಘಟನೆಯನ್ನು ಕ್ರಮವಾಗಿ ಬರೆಯಬೇಕು. “ಹಿಂದಿನ ದಿನ ಸಂಜೆ ಸುಮಾರು ಐದೂವರೆ ಗಂಟೆಗೆ ಸದರಿಯವರು ನನ್ನ ಹುಳು ಮನೆಯ ಬಾಗಿಲಿಗೆ ಬಂದು” ಎಂಬಲ್ಲಿಗೆ ಪೆನ್ನು ನಿಂತಿತು. ಬಂದು ಏನು? ಅರ್ಜಿಯಲ್ಲಿ ಅಲ್ಲಿ ಒಂದು ಕಾರಣ ಬೇಕು. ಊರವರು ಅರ್ಜಿ ಬರೆಸಲು ಬಂದಾಗ ನಾನು ಕೇಳುತ್ತಿದ್ದ ಮೊದಲ ಪ್ರಶ್ನೆಯೇ ಅದು: ಅವನು ಯಾಕೆ ಬಂದಿದ್ದ? ಮುನ್ನೂರು ಜನರನ್ನು ಕೇಳಿದ್ದ ಆ ಪ್ರಶ್ನೆಯನ್ನು ನನ್ನ ಬಾಗಿಲಿಗೆ ಬಂದವನಿಗೆ ನಾನು ಕೇಳಿರಲಿಲ್ಲ.

ಅಷ್ಟರಲ್ಲಿ ಹೆಂಡತಿ ಬಂದು ನಿಂತಳು. ಉಳಿದ ನಾಲ್ಕು ತಟ್ಟುಗಳಿಗೆ ಸಂಜೆಗೆ ಸೊಪ್ಪಿಲ್ಲ ಎಂದಳು. ನಮ್ಮ ತೋಟದ ಯಾವ ಸಾಲನ್ನೂ ಇನ್ನು ನಂಬುವಂತಿರಲಿಲ್ಲ. ಶ್ರೀನಿವಾಸಪುರದ ಕಡೆಯ ಸೊಪ್ಪಿನವನಿಗೆ ಫೋನ್ ಮಾಡಿದೆ. ನಾಳಿದ್ದು ಕಳಿಸುತ್ತೇನೆ ಎಂದ. ಹುಳು ನಾಳಿದ್ದಿನವರೆಗೆ ಕಾಯುವುದಿಲ್ಲ.

“ಕೆರೆ ಕೆಳಗೆ ಭಾವನ ತೋಟದಲ್ಲಿ ಸೊಪ್ಪು ನಿಂತೈತೆ. ಈ ಸಲ ಅವ್ರು ಹುಳ ತಂದಿಲ್ಲ,” ಎಂದಳು. ಭಾವನೆಂದರೆ ಅವಳಿಗೆ ಅಣ್ಣನೇ; ಕೆರೆ ಕೆಳಗೆ ಅವನಿಗೂ ಹಿಪ್ಪುನೇರಳೆ ಇತ್ತು.

“ಅವ್ನ ಹತ್ರ ಕೈ ಚಾಚಲಾ?”

“ನೀವ್ ಕೈಯಾದ್ರೂ ಚಾಚಿ, ಕಾಲಾದ್ರೂ ಹಿಡೀರಿ. ಕತ್ತಲಾಗೋದ್ರೊಳಗೆ ಸೊಪ್ಪು ಬರ್ಬೇಕು.”

ಹೋದೆ. ಅಣ್ಣ ಜಗಲಿಯ ಮೇಲೆ ಕುಳಿತಿದ್ದ. ಕುಳಿತುಕೋ ಎನ್ನಲಿಲ್ಲ.

“ಏನು, ನೋಟೀಸ್ ತಂದ್ಯಾ?”

“ನಿನ್ನೆ ಸಾಯಂಕಾಲ ಯಾಕ್ ಬಂದಿದ್ದೆ?”

“ಇವತ್ತು ಕೇಳ್ತಾನೆ ನೋಡು! ಹೊತ್ತಾರೆ ಔಷಧಿ ಹೊಡೀತೀನಿ ಅಂತ ಹೇಳೋಕೆ ಬಂದಿದ್ದೆ. ನೀನು ನಾಯಿ ಅಟ್ಟಿದಂಗೆ ಅಟ್ಟಿದೆ.”

“ಫೋನ್ ಮಾಡ್ಬೋದಿತ್ತು.”

“ಬಾಗ್ಲಲ್ಲಿ ನಿಂತಿರೋನ ಮಾತು ಕೇಳದೋನು ಫೋನಲ್ಲಿ ಕೇಳ್ತೀಯಾ?”

“ನೀನು ತಪ್ಪು ತಿಳ್ಕೊಂಡಿದ್ದೀಯ. ನಾನು ನಿಲ್ಸಿದ್ದು ಬೀಡಿಗೆ.”

ಈ ವಾಕ್ಯವನ್ನು ದಾರಿಯುದ್ದಕ್ಕೂ ಸಿದ್ಧಪಡಿಸಿಕೊಂಡು ಬಂದಿದ್ದೆ. ಅವನು ನನ್ನನ್ನೇ ನೋಡಿದ.

“ಬೀಡಿ ಆರ್ಸಿದ್ರೆ ಒಳಗೆ ಬಿಡ್ತಿದ್ಯಾ?”

ನಾನು ಕೆಳಗೆ ನೋಡಿದೆ.

“ಹೋದ ಬೆಳೇಲಿ ನಾನು ಒಳಗೆ ಬಂದು, ಹುಳ ಚೆನ್ನಾಗವೆ ಅಂದೆ. ಎರಡು ದಿನಕ್ಕೆ ರೋಗ ಬಂತು. ಅವತ್ತಿಂದ ನಾನು ಎದುರಿಗೆ ಬಂದ್ರೆ ನೀನು ತಟ್ಟು ಮುಚ್ತೀಯ. ನನ್ನ ಕಣ್ಣು ಕೆಟ್ಟದ್ದು ಅಂತ ತಾನೆ? ಹೇಳ್ಲಾ. ಬೀಡಿ ಆರ್ಸಿದ್ರೆ ಬಿಡ್ತಿದ್ಯಾ?”

“ಇಲ್ಲ,” ಎಂದೆ.

ಅವನ ಕಣ್ಣು ಕೆಟ್ಟದ್ದೆಂಬ ಮಾತನ್ನು ನಾನು ಯಾರಿಗೂ ಹೇಳಿದವನಲ್ಲ, ಹೆಂಡತಿಗೂ ಇಲ್ಲ. ಹೇಳದೇ ಇದ್ದುದರಿಂದ ಅದು ನನ್ನಲ್ಲಿ ಇಲ್ಲವೆಂದೇ ನಂಬಿದ್ದೆ. ಅವನು ತಪ್ಪು ತಿಳಿದುಕೊಂಡಿರಲಿಲ್ಲ. ನಾನು ಬಾಯಲ್ಲಿ ಹೇಳಿದ್ದನ್ನು ಬಿಟ್ಟು, ಹೇಳದೇ ಇದ್ದುದನ್ನು ಸರಿಯಾಗಿಯೇ ಕೇಳಿಸಿಕೊಂಡಿದ್ದ. ನನಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಅವನ ಮೇಲೆ ಸಿಟ್ಟು ಬಂದಿತು.

“ಬೆಳಗ್ಗೆ ನನ್ನ ಬಾಮೈದ ಆ ಸಾಲು ಕೊಯ್ಯೋದು ನೋಡ್ಲಿಲ್ವಾ ನೀನು?” ಎಂದು ಕೇಳಿದೆ.

ಅವನು ಹೆಗಲ ಮೇಲಿನ ಟವೆಲ್ ತೆಗೆದು ಪಕ್ಕಕ್ಕಿಟ್ಟ. ಆಮೇಲೆ ಹೇಳಿದ: “ನೋಡ್ದೆ. ಕೂಗೋಣ ಅಂತ ಬಾಯಿ ತೆಗ್ದೆ. ಸಾಯ್ಲಿ ಅನ್ನಿಸ್ತು.”

“ಹುಳಾನಾ?”

“ನೀನು.”

ಇಬ್ಬರ ಹತ್ತಿರವೂ ಇನ್ನು ಮುಚ್ಚಿಡಲು ಏನೂ ಇರಲಿಲ್ಲ. ಸೊಪ್ಪು ಬೇಕು ಎಂದು ನಾನು ನೇರವಾಗಿ ಕೇಳಿದ್ದು ಆಗ.

“ಸೊಪ್ಪು ಕೊಡ್ತೀನಿ,” ಎಂದ. “ಆದ್ರೆ ನಾನೇ ಕೊಯ್ದು, ನಾನೇ ತಂದು, ನನ್ನ ಕೈಯಾರೆ ಹಾಕ್ತೀನಿ. ನಿನ್ನ ಬಾಮೈದ ಹೊರ್ಗಡೆ ನಿಲ್ಲಲಿ. ಒಪ್ಪಿಗೇನಾ?”

ಒಪ್ಪಿದೆ. ಬೇರೆ ದಾರಿ ಇರಲಿಲ್ಲವೆಂದು ಒಪ್ಪಿದೆನೇ ಹೊರತು ದೊಡ್ಡ ಮನಸ್ಸಿನಿಂದಲ್ಲ.

ಹೊತ್ತು ಮುಳುಗುವ ಮುನ್ನ ಅವನು ಸೊಪ್ಪಿನ ಹೊರೆ ಹೊತ್ತು ಬಂದ. ಕೈಕಾಲು ತೊಳೆದಿದ್ದ. ನನ್ನ ಹೆಂಡತಿ “ಬನ್ನಿ ಭಾವ” ಎಂದು ಬಾಗಿಲು ತೆರೆದಳು. ಅವನು ತಟ್ಟಿನಿಂದ ತಟ್ಟಿಗೆ ಹೋಗುತ್ತಾ ಸೊಪ್ಪು ಹರಡಿದ. ಅವನ ಕೈ ಚುರುಕಾಗಿತ್ತು. ನಾನು ಅವನ ಕೈಯನ್ನು ಬಿಟ್ಟು ಕಣ್ಣನ್ನೇ ನೋಡುತ್ತಿದ್ದೆ. ಅದು ಅವನಿಗೆ ಗೊತ್ತಾಯಿತು.

“ನೋಡು, ಚೆನ್ನಾಗಿ ನೋಡು. ನಾನು ಯಾವ ಹುಳಾನ ದಿಟ್ಟಿಸ್ತೀನಿ ಅಂತ ಬರ್ಕೋ,” ಎಂದ. ಬಾಗಿಲ ಹೊರಗೆ ನಿಂತಿದ್ದ ಬಾಮೈದ ನಕ್ಕುಬಿಟ್ಟ. ಬೇರೆ ಯಾರೂ ನಗಲಿಲ್ಲ.

ವಿಷ ತಿಂದ ಎರಡು ತಟ್ಟುಗಳ ಹುಳುಗಳನ್ನು ಗುಂಡಿ ತೋಡಿ ಹೂತೆವು. ಉಳಿದ ನಾಲ್ಕಕ್ಕೆ ಅವನು ನಾಲ್ಕು ದಿನ ಸೊಪ್ಪು ತಂದ. ಬಂದಾಗಲೆಲ್ಲ ನಾನು ಹುಳುವಿನ ಕೆಳಗಿನ ಹಿಕ್ಕೆ, ಹಳೆ ಸೊಪ್ಪಿನ ಹಾಸಿಗೆ ತೆಗೆದದ್ದು ಸರಿಯಿಲ್ಲ, ಕಿಟಕಿ ತೆರೆದದ್ದು ಸಾಲದು ಎಂದು ಬೈದ. ನಾನೂ ಬೈದೆ. ಐದನೆಯ ದಿನ ಹುಳು ಹಣ್ಣಾಗಿ, ಎಂದರೆ ಮೇವು ಸಾಕುಮಾಡಿ, ಗೂಡು ಕಟ್ಟತೊಡಗಿದವು. ತೋಟ ಕೀಳುವ ಮಾತನ್ನು ನನ್ನ ಹೆಂಡತಿ ಮತ್ತೆ ಎತ್ತಲಿಲ್ಲ. ಅಣ್ಣನಿಗೆ ಧನ್ಯವಾದ ಹೇಳಲು ಹೋದೆ, ಸುಮ್ಮನಿರು ಎಂದ.

ಇದರಿಂದ ನಾವಿಬ್ಬರೂ ಸರಿಹೋದೆವೆಂದು ಬರೆದರೆ ಸುಳ್ಳಾಗುತ್ತದೆ. ಮುಂದಿನ ಬೆಳೆಗೆ ಹುಳು ತಂದ ವಾರದಲ್ಲಿ ಒಂದು ಸಂಜೆ ಅವನು ಹೊರಗಿನಿಂದಲೇ ಕೂಗಿದ. ನಾನು ಬಾಗಿಲಿಗೆ ಬಂದು, ಏನು ವಿಷಯ ಎಂದು ಕೇಳಿ, ಒಳಗೆ ಬಾ ಎಂದೂ ಕರೆದೆ.

“ನಿನ್ನ ಹುಳ ನೋಡೋಕೆ ನಂಗೇನ್ಲಾ ದರ್ದು? ಶುಕ್ರವಾರ ಹೊತ್ತಾರೆ ಔಷಧಿ ಹೊಡೀತೀನಿ.”

“ಸರಿ.”

“ಸರಿ ಅಲ್ಲ. ನಾನೇನಂದೆ, ಹೇಳು.”

ನನಗೆ ವಯಸ್ಸು ಐವತ್ತು ದಾಟಿದೆ. ಹೆಂಡತಿ ಹಿಂದೆ ನಿಂತು ಕೇಳುತ್ತಿದ್ದಳು.

“ಶುಕ್ರವಾರ ಹೊತ್ತಾರೆ ಹೊಡೀತೀಯ. ಬದುವಿನ ಪಕ್ಕದ ಸಾಲು ನಾವು ಮುಟ್ಬಾರ್ದು.”

“ಎಷ್ಟು ಸಾಲು?”

“ನಾಲ್ಕು.”

“ಆರು,” ಎಂದ ಅಣ್ಣ. ನಾನು ಆರು ಎಂದು ಹೇಳುವ ತನಕ ಅಲ್ಲಿಯೇ ನಿಂತಿದ್ದು, ಹೇಳಿದ ಮೇಲೆ ಹೋದ.