ಕೆಮಿಗಿಸಾಳ ಕೂಸಿಗೆ ಹೆಸರು

ಕೋಳಿ ಕೂಗುವ ಮೊದಲೇ ಕಬನ್ಯೋರೊ ಒರತೆಯಿಂದ ಎರಡು ಕ್ಯಾನು ನೀರು ಹೊತ್ತು ತಂದಿದ್ದಳು. ಬಾಳೆಕಾಯಿ ಸುಲಿದು, ಎಲೆಯಲ್ಲಿ ಕಟ್ಟಿ ಬೇಯಲಿಟ್ಟಿದ್ದಳು. ಮೂವರು ಮಕ್ಕಳಿಗೆ ರಾಗಿ ಗಂಜಿ ಕಾಸಿ, ಸಮವಸ್ತ್ರಕ್ಕೆ ಇದ್ದಿಲಿನ ಇಸ್ತ್ರಿ ಎಳೆದು, ಮೇಕೆಯನ್ನು ಹಿತ್ತಲಿಗೆ ಕಟ್ಟಿ, ನೆಗಡಿಯೆಂದು ನಾಲ್ಕು ದಿನದಿಂದ ಮಲಗಿದ್ದ ಗಂಡನಿಗೆ ನಿಂಬೆಹುಲ್ಲಿನ ಕಷಾಯ ಕೊಟ್ಟಿದ್ದಳು.

"ಅಡ್ಯೇರಿ, ಸಕ್ಕರೆ ಕಮ್ಮಿ," ಎಂದು ಕಂಬಳಿಯೊಳಗಿಂದ ದನಿ ಬಂತು.

"ನಾಲಿಗೆ ನೆಟ್ಟಗೇ ಇದೆಯಲ್ಲ! ಎದ್ದು ಹಾಕ್ಕೊಳ್ಳಿ. ಕಾಡಲ್ಲಿ ಇನ್ನೊಬ್ಬ ಬಾಣಂತಿ ಕಾಯ್ತಾ ಇದಾಳೆ ನಂಗೆ."

ಅಡ್ಯೇರಿ ಎಂಬುದು ಬಲ್ಲವರೆಲ್ಲ ಅವಳನ್ನು ಕರೆಯುವ ಮುದ್ದುಹೆಸರು. ಅವಳ ಬುಡಕಟ್ಟಾದ ತೋರೊ ಜನರಲ್ಲಿ ಅಂಥ ಹೆಸರಿರುವುದು ಹತ್ತು ಹನ್ನೆರಡು ಮಾತ್ರ. ಕೂಸಿನ ಮುಖ ನೋಡಿ ಸೋದರತ್ತೆ ಒಂದನ್ನು ಆರಿಸಬೇಕು. ಕಬನ್ಯೋರೊಳ ಮೂರು ಮಕ್ಕಳಿಗೂ ಗಂಡನ ಅಕ್ಕನೇ ಆರಿಸಿದ್ದು. ಹೆತ್ತವಳನ್ನು ಯಾರೂ ಕೇಳಿರಲಿಲ್ಲ.

ಚಿಂಪಾಂಜಿಗಳ ಹಿಂದೆ ಅಲೆದು ಅವುಗಳ ದಿನಚರಿ ಬರೆದಿಡುವ ತಂಡದಲ್ಲಿ ಅವಳಿಗೆ ಕೆಲಸ. ಅಲ್ಲೂ ಹೆಸರಿಡಲು ಒಂದು ರೂಢಿಯಿತ್ತು. ಕೂಸು ಗಂಡೋ ಹೆಣ್ಣೋ ಎಂದು ಮೊದಲು ಕಂಡವರು ಹೆಸರಿಡಬೇಕು. ಹನ್ನೊಂದು ವರ್ಷದಲ್ಲಿ ಅವಳಿಗೆ ಒಮ್ಮೆಯೂ ಆ ಸರದಿ ಬಂದಿರಲಿಲ್ಲ. ಅವಳು ಮನೆಗೆಲಸ ಮುಗಿಸಿ ತಲುಪುವಷ್ಟರಲ್ಲಿ, ಹೆಂಡತಿ ಕಾಸಿದ ಗಂಜಿ ಕುಡಿದು ಹೊರಟ ಗಂಡಸರು ಮರದಡಿ ನಿಂತಿರುತ್ತಿದ್ದರು.

ಈ ಸಲ ಹಾಗಾಗಲಿಲ್ಲ. ಕೆಮಿಗಿಸಾ ಬೇರೆ ಗುಂಪಿನಿಂದ ಬಂದ ಹೆಣ್ಣು ಚಿಂಪಾಂಜಿ. ಚಿಂಪಾಂಜಿಗಳಲ್ಲೂ ತವರು ಬಿಡುವುದು ಹೆಣ್ಣೇ. ಇಲ್ಲಿನ ಹಳೆಯ ಹೆಣ್ಣುಗಳು ಅವಳನ್ನು ಅತ್ತಿಮರ ಹತ್ತಲೂ ಬಿಡುತ್ತಿರಲಿಲ್ಲ. ಹೆತ್ತ ಕೂಡಲೇ ಅವಳು ಕೂಸನ್ನೆತ್ತಿಕೊಂಡು ಮಾಯವಾದಳು. ಗಂಡುಗಳು ಮರದ ಬೇರಿಗೆ ಧಡಧಡ ಒದ್ದು ಮೆರೆಯುವುದನ್ನು ತಂಡದ ಗಂಡಸರು ಪುಟಗಟ್ಟಲೆ ಬರೆಯುತ್ತಿದ್ದಾಗ, ಕಬನ್ಯೋರೊ ಹೊಳೆಯಾಚೆ ಮರದ ಮೇಲೆ ಬಾಣಂತಿಯ ಎಲೆಗೂಡು ಪತ್ತೆಮಾಡಿದ್ದಳು.

"ಅಲ್ಲೇ ಇದಾಳೆ ಅಂತ ಹೆಂಗೆ ಗೊತ್ತಾಯ್ತು?" ಎಂದು ಕೇಳಿದ್ದ ಜೊತೆಗಾರ ರುಸೋಕೆ.

"ಗಂಡನ ಮನೆಯವರ ಕಣ್ಣಿಗೆ ಬೀಳಬಾರ್ದು ಅಂದ್ರೆ ನಾನೆಲ್ಲಿಗೆ ಹೋಗ್ತಿದ್ದೆ ಅಂತ ಯೋಚಿಸ್ದೆ."

"ಹೊಳೆ ದಾಟ್ತಿದ್ರಾ?"

"ಹೊಳೆಯೇನು ಮಹರಾಯ, ದೇಶಾನೇ ದಾಟ್ತಿದ್ದೆ!"

ಇವತ್ತು ದಾರಿ ಕವಲೊಡೆಯುವಲ್ಲಿ ರುಸೋಕೆ ನಕ್ಕು, "ಇವತ್ತೂ ಕೂಸು ಕಾಣದಿದ್ರೆ ನಾಳೆ ಆ ಗೂಡು ಕಾಯೋ ಸರದಿ ನಂದು, ಅಡ್ಯೇರಿ," ಎಂದು ಗುಂಪಿನ ಕಡೆ ಹೋದ.

ಬೆಳಕು ಹರಿಯುವಾಗ ಕಬನ್ಯೋರೊ ಗೂಡಿದ್ದ ಮರದ ಹತ್ತಿರವಿದ್ದಳು. ಎತ್ತರದಲ್ಲಿ ಗೂಡಿನ ಎಲೆಗಳು ಅಲುಗಿದವು. ಕೆಮಿಗಿಸಾ ಎದ್ದು ಕೂತು, ಕೂಸನ್ನು ಹೊಟ್ಟೆಯಿಂದ ಬಿಡಿಸಿ ಮೈ ಹೇನು ನೋಡತೊಡಗಿದಳು. ಪುಟ್ಟ ಬೆನ್ನು ಕಂಡಿತು. ಇನ್ನು ಹತ್ತು ಹೆಜ್ಜೆ ಬಲಕ್ಕೆ ಸರಿದರೆ ಸಾಕಿತ್ತು.

ಆಗ ಕಬನ್ಯೋರೊಳ ಮೂಗು ತುರಿಸಿತು. ಮೊಣಕೈಯಲ್ಲಿ ಮುಖ ಹುದುಗಿಸಿ ಸೀನಿದಳು. ಗಂಟಲೂ ಉರಿಯುತ್ತಿತ್ತು. ಒಲೆಯ ಹೊಗೆಯಿರಬೇಕು ಎಂದು ಬೆಳಗಿನಿಂದ ತನಗೇ ಹೇಳಿಕೊಂಡಿದ್ದಳು. ನೆಗಡಿಯಿದ್ದವರು ಕಾಡಿಗೆ ಕಾಲಿಡಬಾರದು. ಹಿಂದೊಮ್ಮೆ ಮನುಷ್ಯರ ಕೆಮ್ಮು ತಗುಲಿ ಐದು ಚಿಂಪಾಂಜಿಗಳು ಸತ್ತಿದ್ದವು. ಆದರೆ ಮುಖಗವಸಿತ್ತು, ನೋಡುವವರು ಯಾರೂ ಇರಲಿಲ್ಲ, ಹತ್ತೇ ಹೆಜ್ಜೆ.

ಕೂಸು ಕಾಲು ಝಾಡಿಸಿತು, ಇನ್ನೇನು ತಿರುಗಲಿತ್ತು.

ಕಬನ್ಯೋರೊ ಕಣ್ಣು ನೆಲಕ್ಕಿಳಿಸಿ, ಸದ್ದಾಗದಂತೆ ಹಿಂದೆ ಸರಿದಳು. ಹೊಳೆಯ ಈಚೆ ದಡಕ್ಕೆ ಬಂದ ಮೇಲೆ ವಾಕಿಟಾಕಿಯ ಗುಂಡಿ ಒತ್ತಿದಳು.

"ರುಸೋಕೆ, ಬೇಗ ಬಾರೋ. ತಾಯಿ ಎದ್ದಿದಾಳೆ, ಕೂಸು ಮಡಿಲಲ್ಲಿದೆ. ನಂಗೆ ನೆಗಡಿ, ನಾನು ಮನೆಗೆ ಹೊರಟೆ."