ಗುಡ್ಡದ ಮೇಲೆ ಹುಡುಕಿದ ಹಳ್ಳ

ಪುಕ್ಕಟೆ ಊಟ ಹಾಕುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅನುಮಾನ. ಪಂಚಾಯಿತಿ ಸಭಾಂಗಣದಲ್ಲಿ ಹೆಂಗಸರಿಗೆ ಮೊಬೈಲ್ ತರಬೇತಿ, ಮಧ್ಯಾಹ್ನ ಊಟವೂ ಉಂಟು ಎಂದಾಗ, ಇದರಲ್ಲಿ ಏನೋ ಇದೆ ಎಂದುಕೊಂಡೇ ಹೋದೆ. ಕಲಿಸಲು ಬಂದವಳು ಶೃಂಗೇರಿ ಕಡೆಯ ಹುಡುಗಿ. ರಸ್ತೆ, ನೀರು, ಬೀದಿದೀಪ, ಯಾವುದು ಕೆಟ್ಟರೂ ಫೋಟೊ ತೆಗೆದು ಆ್ಯಪ್‌ನಲ್ಲಿ ಕಳಿಸಿ, ಅಧಿಕಾರಿಗಳು ಉತ್ತರ ಕೊಡಲೇಬೇಕು ಎಂದಳು. ಮೂಗಿಗೆ ತುಪ್ಪ ಸವರುವ ಮಾತು ನಾನು ಬೇಕಾದಷ್ಟು ಕೇಳಿದ್ದೇನೆ. ಒಟಿಪಿ ಯಾರಿಗೂ ಹೇಳಬೇಡಿ ಎಂದು ಬ್ಯಾಂಕಿನವರು ಬಡಿದುಕೊಳ್ಳುತ್ತಾರೆ, ಇವಳು ಆ್ಯಪ್‌ಗೆ ನಂಬರೂ ಒಟಿಪಿಯೂ ಹಾಕಿ ಅನ್ನುತ್ತಾಳೆ!

"ಅಲ್ಲ ಕೂಸೇ, ನಮ್ಮ ನಂಬರ್ ತಗೊಂಡು ನೀವೆಂತ ಮಾಡ್ತೀರಿ?" ಎಂದು ಕೇಳಿಯೇಬಿಟ್ಟೆ.

"ಎಂತದೂ ಮಾಡಲ್ಲ ಅಕ್ಕ. ನಿಮ್ಮ ದೂರು ಎಂತಾಯ್ತು ಅಂತ ನಿಮಗೇ ಮೆಸೇಜ್ ಬರ್ತದೆ."

ಆದರೂ ಕಲಿತೆ. ನಮ್ಮ ಮನೆಗೂ ರಸ್ತೆಗೂ ನಡುವೆ ಹಳ್ಳವಿದೆ. ದಾಟಲು ಎರಡು ಅಡಿಕೆ ಮರ ಅಡ್ಡ ಹಾಕಿದ ಸಂಕ. ಲಕ್ವ ಹೊಡೆದ ಮೇಲೆ ನಮ್ಮನೆಯವರ ಎಡಗಾಲು ಎಳೆಯುತ್ತದೆ, ಸಂಕದ ಮೇಲೆ ನಡೆಯಲಾರರು. ಓಟಿಗಾಗಲಿ ಆಸ್ಪತ್ರೆಗಾಗಲಿ ಕುರ್ಚಿಯಲ್ಲಿ ಕೂರಿಸಿ ಹೊತ್ತು ನೀರು ದಾಟಿಸಬೇಕು. ಮಳೆಗಾಲದಲ್ಲಿ ಅದೂ ಇಲ್ಲ. ಊರೂರು ತಿರುಗುತ್ತಿದ್ದ ಮನುಷ್ಯ ಈಗ ಜಗಲಿಯಲ್ಲಿ ಕೂತು ಆಚೆ ದಡದ ರಸ್ತೆಯನ್ನೇ ನೋಡುತ್ತಾರೆ. ಮಳೆಗೆ ಮೊದಲು ಕಂಬಿ ಹಾಕಿದ ಸಿಮೆಂಟಿನ ಸಂಕ ಆಗಲೇಬೇಕಿತ್ತು.

ಫೋಟೊ ತೆಗೆದೆ. ಹಳ್ಳದಲ್ಲಿ ನೆಟ್‌ವರ್ಕ್ ಎಲ್ಲಿಂದ ಬರಬೇಕು? ನಾವೆಲ್ಲ ಫೋನ್ ಮಾಡಲು ಹತ್ತುವ ಗುಡ್ಡದ ತಲೆಗೆ ಹತ್ತಿ ಕಳಿಸಿದೆ. ಕೆಲವು ದಿನಕ್ಕೆ ಉತ್ತರ ಬಂತು: "ಸ್ಥಳ ಪರಿಶೀಲಿಸಲಾಗಿದೆ. ಸದರಿ ಸ್ಥಳದಲ್ಲಿ ಹಳ್ಳ ಇರುವುದಿಲ್ಲ. ದೂರು ಮುಕ್ತಾಯಗೊಳಿಸಿದೆ."

ಹಳ್ಳವೇ ಇಲ್ಲವಂತೆ! ಇದು ನಮ್ಮ ವಾರ್ಡಿನ ಮೆಂಬರನದೇ ಕೈವಾಡ ಎಂದು ನನಗೆ ಖಾತ್ರಿಯಾಯಿತು. ಜಯಪುರದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ, "ನಮ್ಮ ಹಳ್ಳ ಯಾರೋ ನುಂಗಿದಾರೆ" ಎಂದೆ, ಅಷ್ಟೇ. "ನಾನೆಂತ ಮಾಡಿದ್ದು ಮಾರಾಯ್ತಿ?" ಎಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಆ ಹುಡುಗಿಗೂ ಫೋನ್ ಮಾಡಿ ಬೈದೆ.

"ಅಕ್ಕ, ಎಲ್ಲಿ ನಿಂತು ಕಳಿಸಿದ್ರಿ?"

"ಗುಡ್ಡದ ಮೇಲೆ. ಮತ್ತೆಲ್ಲಿ ಸಿಗ್ತದೆ ನೆಟ್‌ವರ್ಕು?"

"ಅಯ್ಯೋ, ಎಲ್ಲಿಂದ ಕಳಿಸ್ತೀರೋ ಆ ಜಾಗವನ್ನೇ ಆ್ಯಪ್ ತಗೊಳ್ತದೆ. ಅವ್ರು ಗುಡ್ಡ ಹತ್ತಿ ಹಳ್ಳ ಹುಡುಕಿದಾರೆ."

ಇಷ್ಟಾದರೂ ಮೆಂಬರನ ಮೇಲಿನ ಅನುಮಾನ ನನಗೆ ಪೂರ್ತಿ ಹೋಗಲಿಲ್ಲ.

ಗ್ರಾಮಸಭೆಗೆ ತಾನೂ ಬರುತ್ತೇನೆಂದು ನಮ್ಮನೆಯವರು ಹಟ ಹಿಡಿದರು. ಹೊತ್ತು ತಂದೆವು. ನಾನು ಸಂಕದ ಮಾತೆತ್ತಿದ್ದಕ್ಕೆ ಪಂಚಾಯಿತಿಯ ಇಂಜಿನಿಯರ್ ಮೊಬೈಲ್ ನೋಡುತ್ತ, "ದೂರು ಆ ಜಾಗದಿಂದಲೇ ಬರ್ಬೇಕಮ್ಮ. ಲೊಕೇಶನ್ ಸರಿ ಇಲ್ದೆ ನಾವು ಏನೂ ಮಾಡಕ್ಕಾಗಲ್ಲ" ಎಂದರು. ನಾನು ಮತ್ತೆ ಬಾಯಿ ತೆರೆಯುವ ಮೊದಲೇ ನಮ್ಮನೆಯವರು ತೊದಲುತ್ತ ಹೇಳಿದರು:

"ನನ್ನನ್ನ ಮನೆಗೆ ಬಿಟ್ಟು ಬನ್ನಿ ಸಾರ್. ಎಲ್ಲಿ ನನ್ನ ಎತ್ಬೇಕಾಗ್ತದೋ, ಅದೇ ಲೊಕೇಶನ್."

ಸಭೆ ಮುಗಿದ ಮೇಲೆ ಇಂಜಿನಿಯರ್ ನಿಜಕ್ಕೂ ಬಂದರು. ಕುರ್ಚಿಯ ಒಂದು ಬದಿ ಹಿಡಿದು ನೀರಿಗಿಳಿದರು, ಪ್ಯಾಂಟ್ ಮಂಡಿಯವರೆಗೆ ಒದ್ದೆ. ಇವರನ್ನು ಆಚೆ ದಡದಲ್ಲಿ ಇಳಿಸಿ ಸಂಕದ ಫೋಟೊ ತೆಗೆದರು, ಕಳಿಸಲು ಒತ್ತಿದರು. ಹೋಗಲಿಲ್ಲ. ಮತ್ತೆ ಒತ್ತಿದರು. ಕೊನೆಗೆ ತಲೆಯೆತ್ತಿ ಗುಡ್ಡದ ಕಡೆ ನೋಡಿದರು.

"ಅಲ್ಲಿಗೆ ಮಾತ್ರ ಹತ್ಬೇಡಿ ಸಾರ್" ಎಂದು ನಾನು ದಾರಿಗೆ ಅಡ್ಡ ನಿಂತೆ.