ನೀರು ತುಂಬದೆ ತೂಗಿದ ಗಾಡಿ

ನಾಚಾರಂನ ನಮ್ಮ ಶೆಡ್ಡಿಗೆ ಬಂದವರು ನನ್ನನ್ನು ನೋಡಿ "ಸಾಹೇಬರು ಎಲ್ಲಿ?" ಎಂದು ಕೇಳಿದರೆ ನನಗೆ ಮೈ ಉರಿಯುತ್ತದೆ. ವೆಲ್ಡಿಂಗ್ ನನ್ನ ಗಂಡನದು, ಒಪ್ಪುತ್ತೇನೆ. ಆದರೆ ಅಳತೆ, ತೂಕ, ನಕ್ಷೆ ಎಲ್ಲ ನನ್ನದು. ಬೀದರಿನಲ್ಲಿ ಇಡೀ ಕ್ಲಾಸಿಗೆ ಒಬ್ಬಳೇ ಹುಡುಗಿಯಾಗಿ ಕೂತು ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದವಳು ನಾನು. ಟ್ರೇಲರ್ ಕಟ್ಟುವುದರಲ್ಲಿ ನನ್ನ ಲೆಕ್ಕ ತಪ್ಪುವುದೇ ಇಲ್ಲ ಎಂಬ ಜಂಬ ನನಗಿತ್ತು. ಈಗ ಸ್ವಲ್ಪ ಇಳಿದಿದೆ.

ಎಲ್ಲರೂ ರೊಟ್ಟಿ ಅಕ್ಕ ಎಂದು ಕರೆಯುವ ಗಿರಾಕಿ ಮಾತ್ರ ಸಾಹೇಬರನ್ನು ಕೇಳಲಿಲ್ಲ. ಪಿಕಪ್ಪನ್ನು ತಾವೇ ಓಡಿಸಿಕೊಂಡು ಬಂದು ಬಾಗಿಲಲ್ಲಿ ನಿಲ್ಲಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸುತ್ತಾ ನೇರ ನನ್ನ ಮೇಜಿಗೆ ಬಂದರು. ಐವತ್ತು ದಾಟಿದ ಹೆಂಗಸು, ಕಲಬುರಗಿ ಕಡೆಯವರು.

"ತಂಗೀ, ನನಗ ಒಂದು ನಡಿಯೋ ಅಡಗಿಮನಿ ಬೇಕವ್ವಾ" ಎಂದರು.

ಕೂಕಟ್‌ಪಲ್ಲಿಯಲ್ಲಿ ಎದ್ದ ದೊಡ್ಡ ಕಟ್ಟಡಗಳ ಪಕ್ಕ ಅವರದೊಂದು ತಗಡಿನ ಶೆಡ್ ಇತ್ತು. ಎಂಟು ಜನ ಹೆಂಗಸರನ್ನು ಕಟ್ಟಿಕೊಂಡು, ನಮ್ಮ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರಿಗೆ ಜೋಳದ ರೊಟ್ಟಿ, ಪುಂಡಿಪಲ್ಯ ಮಾಡಿ ಹಾಕುತ್ತಿದ್ದರು. ಈಗ ಅಲ್ಲಿಯ ಕೆಲಸ ಮುಗಿದಿತ್ತು. ಆಳುಗಳೆಲ್ಲ ರಿಂಗ್ ರೋಡಿನ ಆಚೆಯ ಹೊಸ ಸೈಟಿಗೆ ಹೊರಟಿದ್ದರು. ಸೋಮವಾರ ಬೆಳಿಗ್ಗೆ ಅಡುಗೆಮನೆ ಅಲ್ಲಿ ನಿಂತಿದ್ದರೆ ಊಟದ ಕೆಲಸ ನಿಮಗೆ, ಇಲ್ಲದಿದ್ದರೆ ಬೇರೆಯವರಿಗೆ ಎಂದು ಮೇಸ್ತ್ರಿ ಹೇಳಿಬಿಟ್ಟಿದ್ದ. ಎಂಟು ಹೆಂಗಸರ ಒಲೆ ಆ ಒಂದು ಸೋಮವಾರವನ್ನು ನಂಬಿಕೊಂಡಿತ್ತು.

ಅವರಿಗೆ ಬೇಕಾದಷ್ಟು ಉದ್ದದ ಅಡುಗೆಮನೆಗೆ ನಾನು ಗೂಸ್‌ನೆಕ್ ಟ್ರೇಲರನ್ನೇ ಆರಿಸಿದೆ. ಮಾಮೂಲಿ ಟ್ರೇಲರನ್ನು ಗಾಡಿಯ ಹಿಂದಿನ ಕೊಕ್ಕೆಗೆ ಸಿಕ್ಕಿಸುತ್ತಾರೆ. ಇದು ಹಾಗಲ್ಲ. ಇದರ ಮುಂಭಾಗ ಬಾತುಕೋಳಿಯ ಕುತ್ತಿಗೆಯಂತೆ ಮೇಲೆದ್ದು, ಪಿಕಪ್ಪಿನ ಹಿಂದಿನ ತೊಟ್ಟಿಯೊಳಕ್ಕೆ ಬಾಗಿ, ಅಲ್ಲಿ ಬಿಗಿದಿಟ್ಟ ಉಕ್ಕಿನ ಗುಂಡಿನ ಮೇಲೆ ಕೂರುತ್ತದೆ. ಸೈಟಿನ ಇಕ್ಕಟ್ಟು ದಾರಿಯಲ್ಲೂ ಸಲೀಸಾಗಿ ತಿರುಗುತ್ತದೆ. ನನ್ನ ಗಂಡ ಇದಕ್ಕೆ ಕುತ್ತಿಗೆ ಗಾಡಿ ಎಂದೇ ಹೆಸರಿಟ್ಟಿದ್ದರು.

ಕುತ್ತಿಗೆಯ ಮೇಲೆ ಒಂದು ಅಟ್ಟ ಉಳಿಯಿತು. ನೀರಿನ ಟ್ಯಾಂಕಿ ಅಲ್ಲೇ ಇರಲಿ ಎಂದು ಅಕ್ಕ ಹಟ ಹಿಡಿದರು. "ಮನಿ ಅಂದಮ್ಯಾಲ ನೀರು ಮ್ಯಾಲಿಂದ ಬರಬೇಕ, ತಂಗೀ." ನನಗೂ ಸರಿಯೆನಿಸಿತು. ಪಂಪು ಬೇಡ, ಕರೆಂಟು ಬೇಡ, ನಲ್ಲಿ ತಿರುಗಿಸಿದರೆ ನೀರು. ಇನ್ನು ತೊಟ್ಟಿಯಲ್ಲಿ ಗುಂಡು ಕೂರಿಸಬೇಕಾದ ಜಾಗದ ಕೆಳಗೆ ಪಿಕಪ್ಪಿನ ಒಂದು ಅಡ್ಡಪಟ್ಟಿ ತಡೆಯಾಗಿತ್ತು. ಹೀಗಾಗಿ ಗುಂಡನ್ನು ಪಿಕಪ್ಪಿನ ಹಿಂದಿನ ಚಕ್ರಗಳ ನೇರಕ್ಕಿಂತ ಒಂದು ಗೇಣು ಹಿಂದೆ ಕೂರಿಸಿದೆವು. ಗೇಣಿನಿಂದ ಏನಾದೀತು ಎಂದವಳು ನಾನೇ.

ಕೆಲಸ ಮುಗಿದ ದಿನ ಲಾರಿಗಳನ್ನು ತೂಗುವ ಧರಮ್ ಕಾಂಟಾಕ್ಕೆ ಒಯ್ದು ತೂಗಿಸುವುದು ನನ್ನ ಪದ್ಧತಿ. ಟ್ಯಾಂಕಿ ತುಂಬಿಸಲು ಪೈಪು ಹಿಡಿದದ್ದೇ ತಡ, ಅಕ್ಕ ಓಡಿಬಂದರು. "ಪೂಜಿ ಆಗೂಮಟ ಅದರಾಗ ನೀರು ಹಾಕಬ್ಯಾಡವ್ವಾ, ಹೊಸಾದು ಐತಿ." ನಾನು ತಕ್ಷಣ ಪೈಪು ಕೆಳಗಿಟ್ಟೆ. ನಮ್ಮ ತವರಲ್ಲೂ ಹಾಗೆಯೇ. ಹೊಸ ಕೊಡಕ್ಕೆ ಅರಿಶಿನ ಕುಂಕುಮ ಹಚ್ಚುವ ಮೊದಲು ಯಾರೂ ನೀರು ತುಂಬುತ್ತಿರಲಿಲ್ಲ. ಹೀಗಾಗಿ ಖಾಲಿ ಗಾಡಿಯನ್ನೇ ತೂಗಿಸಿದೆ. ನೀರು, ಹಿಟ್ಟು, ಪಾತ್ರೆಗಳ ಭಾರವನ್ನು ಕಾಗದದ ಮೇಲೆ ಕೂಡಿಸಿದೆ. ಪಿಕಪ್ಪಿನ ಪುಸ್ತಕದಲ್ಲಿ ಎಳೆಯಬಹುದು ಎಂದು ಬರೆದಿದ್ದ ತೂಕಕ್ಕಿಂತ ಸಾಕಷ್ಟು ಕಡಿಮೆಯೇ ಬಂತು. "ಆರಾಮ್ ಎಳೀತೈತಿ" ಎಂದು ಗಂಡನಿಗೆ ಹೇಳಿ ನೆಮ್ಮದಿಯಾಗಿ ಚಹಾ ಕುಡಿದೆ.

ಶುಕ್ರವಾರ ಪೂಜೆ. ಶುಭದಿನ ಖಾಲಿ ಗಾಡಿ ಹೊರಡಬಾರದಲ್ಲ? ಅಕ್ಕನ ಹೆಂಗಸರು ಟ್ಯಾಂಕಿಯನ್ನು ಕಂಠದವರೆಗೆ ತುಂಬಿದರು. ಹಿಟ್ಟಿನ ಚೀಲಗಳನ್ನೂ ಎತ್ತರದ ಜಾಗ ಒಳ್ಳೆಯದೆಂದು ಅಟ್ಟಕ್ಕೇ ಏರಿಸಿದರು. ಕಾಯಿ ಒಡೆದದ್ದಾಯಿತು, ಆರತಿಯಾಯಿತು. ಮುಂದಿನ ಎರಡು ಗಾಲಿಗಳ ಕೆಳಗೆ ನಿಂಬೆಹಣ್ಣಿಟ್ಟು ಅಕ್ಕ ಗಾಡಿಯನ್ನು ಮೆಲ್ಲಗೆ ಮುಂದಕ್ಕೆ ಬಿಟ್ಟರು. ಒಂದು ಹಣ್ಣು ಪಚ್ ಎಂದಿತು. ಇನ್ನೊಂದು ಪುಟಕ್ಕನೆ ಜಾರಿ ಗಾಡಿಯ ಕೆಳಗೆ ಹೋಯಿತು.

ಹೆಂಗಸರ ಮುಖ ಸಣ್ಣದಾಯಿತು. ನಿಂಬೆಹಣ್ಣು ಜಾರುವುದು ಹೊಸದೇನಲ್ಲ, ನಾನು ಎಷ್ಟೋ ಸಲ ನೋಡಿದ್ದೇನೆ. ಹುಡುಕಿ ಮತ್ತೆ ಇಟ್ಟರಾಯಿತು ಎಂದು ಮೊಣಕಾಲೂರಿ ಬಗ್ಗಿದೆ. ಹಣ್ಣು ಸಿಗಲಿಲ್ಲ, ಕಣ್ಣಿಗೆ ಬಿದ್ದದ್ದೇ ಬೇರೆ. ಪಿಕಪ್ಪಿನ ಮುಂದಿನ ಟೈರಿಗೂ ಅದರ ಮೇಲಿನ ಮಡ್‌ಗಾರ್ಡಿಗೂ ನಡುವೆ ನನ್ನ ಇಡೀ ಮುಂಗೈ ಹಿಡಿಸುವಷ್ಟು ಸಂದಿ. ಅದರ ಹಿಂದಿನ ಟೈರಿನ ಬಳಿ ಹೋಗಿ ನೋಡಿದರೆ ಎರಡು ಬೆರಳೂ ತೂರುತ್ತಿರಲಿಲ್ಲ.

ಒಟ್ಟು ತೂಕ ಎಷ್ಟೆಂದು ನೋಡಿದ್ದೆನೇ ಹೊರತು, ಅದರಲ್ಲಿ ಪಿಕಪ್ಪಿನ ಬೆನ್ನ ಮೇಲೆ ಕೂರುವುದೆಷ್ಟು ಎಂದು ನೋಡಿರಲಿಲ್ಲ. ಎಳೆಯುವುದು ಬೇರೆ, ಹೊರುವುದು ಬೇರೆ. ಅಟ್ಟದ ಮೇಲಿನ ನೀರು, ಹಿಟ್ಟು ಎಲ್ಲ ಆ ಗುಂಡನ್ನು ಒತ್ತುತ್ತಿದ್ದವು. ಗುಂಡು ಒಂದು ಗೇಣು ಹಿಂದಿದ್ದುದರಿಂದ ಪಿಕಪ್ಪಿನ ಮೂತಿಯೇ ಮೇಲೆದ್ದಿತ್ತು. ಅಂದು ನೀರು ತುಂಬಿಸಿ ತೂಗಿಸಿದ್ದರೆ ಇದು ಕಾಂಟಾದಲ್ಲೇ ಕಾಣುತ್ತಿತ್ತು. ಮುಂದಿನ ಚಕ್ರ ನೆಲ ಗಟ್ಟಿಯಾಗಿ ಹಿಡಿಯದಿದ್ದರೆ ಸ್ಟೇರಿಂಗ್ ಎಷ್ಟು ತಿರುಗಿಸಿದರೂ ಗಾಡಿ ಮಾತು ಕೇಳುವುದಿಲ್ಲ.

"ಸಾವಕಾಶ ಹೋದ್ರ ನಡೀತೈತಿ ಬಿಡು, ಎಲ್ಲಾರೂ ನೋಡಾಕತ್ತಾರ" ಎಂದು ಗಂಡ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು.

ಒಂದು ಕ್ಷಣ ನನಗೂ ಹಾಗೇ ಅನಿಸಿತು, ಸುಳ್ಳೇಕೆ ಹೇಳಲಿ. ಅಷ್ಟು ಜನರ ಮುಂದೆ ನನ್ನ ಲೆಕ್ಕ ತಪ್ಪಿದೆ ಎನ್ನುವುದಕ್ಕಿಂತ ಸುಮ್ಮನಿರುವುದು ಎಷ್ಟು ಸುಲಭ! ಆದರೆ ಸ್ಟೇರಿಂಗ್ ಹಿಡಿದು ಕೂತಿದ್ದ ಅಕ್ಕ ಕಿಟಕಿಯಿಂದ ನನ್ನನ್ನೇ ನೋಡುತ್ತಿದ್ದರು.

"ಅಕ್ಕಾರ, ಇಳೀರಿ. ಗಾಡಿ ಹೊರಡೂದು ಬ್ಯಾಡ. ತಪ್ಪು ನಂದೈತಿ."

ಅವರು ಇಳಿದರು. ಬೈಯುತ್ತಾರೆಂದುಕೊಂಡಿದ್ದೆ, ಬೈದರು ಕೂಡ. "ಸೋಮವಾರ ಅಲ್ಲಿ ಇರಲಿಲ್ಲಂದ್ರ ಎಂಟು ಮಂದಿಗಿ ನಾ ಏನ್ ಹೇಳ್ಲಿ? ಪೂಜಿ ಮಾಡಿ ಗಾಡಿ ನಿಂದರಸ್ತಾರೇನ?" ಎಂದು ಕೂಗಾಡಿ, ಕೊನೆಗೆ ದನಿ ಇಳಿಸಿ ಕೇಳಿದರು: "ಎರಡ ದಿನದಾಗ ಆಗ್ತೈತೇನು?"

"ಆಗ್ತೈತಿ" ಎಂದೆ. ಆಗುತ್ತದೆಂದು ನನಗೆ ಗೊತ್ತಿರಲಿಲ್ಲ.

ಗಂಡ ಆಗಲೇ ಕಟ್ಟರ್ ಕೈಗೆತ್ತಿಕೊಂಡಿದ್ದರು. ಆ ಮನುಷ್ಯನ ಮೇಲೆ ನನಗೆ ತುಂಬ ಪ್ರೀತಿ ಬರುವುದು ಇಂಥ ಹೊತ್ತಿನಲ್ಲೇ. ಅಡ್ಡಪಟ್ಟಿಯ ಮೇಲೆ ದಪ್ಪ ಉಕ್ಕಿನ ಹಲಗೆ ಬಿಗಿದು ಗುಂಡನ್ನು ಹಿಂದಿನ ಚಕ್ರಗಳ ನೇರಕ್ಕಿಂತ ತುಸು ಮುಂದಕ್ಕೆ ತಂದೆವು. ಟ್ಯಾಂಕಿ ಅಟ್ಟದಿಂದ ಇಳಿದು ಟ್ರೇಲರಿನ ಸ್ವಂತ ಗಾಲಿಗಳ ಮೇಲೆ ಬಂದು ಕೂತಿತು. ನೀರೆತ್ತಲು ಒಂದು ಕೈಪಂಪು ಜೋಡಿಸಿದೆವು. ಪಂಪು ಕಂಡು ಅಕ್ಕ ಮೂಗು ಮುರಿದರು. ಅಟ್ಟದ ಮೇಲೆ ಹಾಸಿಗೆ, ಬುಟ್ಟಿಗಳಷ್ಟೇ ಎಂದು ನಾನು ಕಟ್ಟಪ್ಪಣೆ ಮಾಡಿದೆ.

ಭಾನುವಾರ ಮಧ್ಯಾಹ್ನ ಮತ್ತೆ ಕಾಂಟಾ. ಈ ಸಲ ಟ್ಯಾಂಕಿ ತುಂಬಿತ್ತು, ಚೀಲಗಳಿದ್ದವು, ಕಲ್ಲೊರಳೂ ಇತ್ತು. ಮೊದಲು ಪಿಕಪ್ಪಿನ ಮುಂದಿನ ಚಕ್ರಗಳನ್ನಷ್ಟೇ ತೂಗಿಸಿದೆ. ಆಮೇಲೆ ಹಿಂದಿನವು, ಆಮೇಲೆ ಟ್ರೇಲರಿನವು. ಅಕ್ಕನನ್ನು ಸೀಟಿನಿಂದ ಇಳಿಯಲು ಬಿಡಲಿಲ್ಲ. ಕಾಂಟಾದವನಿಗೆ ನಗು ತಡೆಯಲಾಗಲಿಲ್ಲ. "ಕ್ಯಾ ಮೇಡಂ, ಡ್ರೈವರ್ ಕು ಭೀ ತೋಲ್ತೆ ಕ್ಯಾ?" ಎಂದ. ಡ್ರೈವರನ್ನೂ ತೂಗುತ್ತೇನಪ್ಪಾ, ಎಲ್ಲವನ್ನೂ ತೂಗುತ್ತೇನೆ ಎಂದೆ. ಮೂರು ಚೀಟಿಗಳನ್ನು ಪುಸ್ತಕದ ಪಕ್ಕದಲ್ಲಿಟ್ಟು ನೋಡಿದೆ. ಎಳೆಯುವ ಭಾರವೂ ಸರಿ, ಹೊರುವ ಭಾರವೂ ಸರಿ. ಅಲ್ಲೇ ರಸ್ತೆಬದಿಯಲ್ಲಿ ಕೂತು ಒಂದಿಷ್ಟು ಅತ್ತೆ.

ಸೋಮವಾರ ಬೆಳಕು ಹರಿಯುತ್ತಲೇ ಹೊರಟೆವು. ಹೆಂಗಸರು ಹಿಂದೆ ಆಟೋಗಳಲ್ಲಿ, ನಾನು ಅಕ್ಕನ ಪಕ್ಕದ ಸೀಟಿನಲ್ಲಿ. ಮೊದಲ ಸ್ಪೀಡ್ ಬ್ರೇಕರ್ ಬಂದಾಗ ನಾನು ಡ್ಯಾಶ್‌ಬೋರ್ಡ್ ಗಟ್ಟಿಯಾಗಿ ಹಿಡಿದುಕೊಂಡೆ. ಗಾಡಿ ಏರಿತು, ಇಳಿಯಿತು, ಮೂತಿ ಅಲ್ಲಾಡಲಿಲ್ಲ. ಅಕ್ಕ ಸ್ಟೇರಿಂಗನ್ನು ಅತ್ತಿತ್ತ ತುಸು ತಿರುಗಿಸಿ ನೋಡಿದರು. "ಈಗ ಕೈಯಾಗ ಐತಿ" ಎಂದರು. ಸೈಟಿನಲ್ಲಿ ಮೊದಲ ರೊಟ್ಟಿ ಬಡಿಯುವ ಸದ್ದು ಕೇಳಿದ ಮೇಲೇ ನಾನು ಬಸ್ಸು ಹತ್ತಿದ್ದು.

ಕಳೆದ ತಿಂಗಳು ಅವರು ಇನ್ನೊಂದು ಅಡುಗೆಮನೆ ಕಟ್ಟಿಸಲು ಬಂದರು. ಈಗ ಅವರಲ್ಲಿ ಹದಿನಾಲ್ಕು ಹೆಂಗಸರಿದ್ದಾರೆ. ಗಾಡಿ ಸಿದ್ಧವಾದ ದಿನ ಹಳೆಯ ಅಭ್ಯಾಸದಂತೆ ನಾನು ಅರಿಶಿನ ಕುಂಕುಮದ ತಟ್ಟೆ ತಂದೆ. ಅಕ್ಕ ಅದನ್ನು ನನ್ನ ಕೈಯಿಂದ ತೆಗೆದು ಪಕ್ಕಕ್ಕಿಟ್ಟರು. ಮೂಲೆಯಲ್ಲಿದ್ದ ಪೈಪನ್ನು ತಾವೇ ಎಳೆದು ತಂದು ಹೊಸ ಟ್ಯಾಂಕಿಯ ಬಾಯಿಗೆ ಇಟ್ಟರು.

"ಮೊದಲ ತುಂಬಸು ತಂಗೀ. ತೂಗಸಿಕೊಂಡು ಬಂದು ಪೂಜಿ ಮಾಡೂಣು."

ನಾನು ಹೋಗಿ ನಲ್ಲಿ ತಿರುಗಿಸಿದೆ.